ಅಗ್ರಹಾರದ ಹೆಣ, ಹೊಲಗೇರಿಯ ಬೆಂಕಿ

1

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಅಲ್ಲಿಂದ ಈಚೆಗೆ ಅದರ ಮೇಲೆ ಬಂದಿರುವ ವಿಮರ್ಶೆಯನ್ನೆಲ್ಲ ಒಟ್ಟು ಹಾಕಿದರೆ ಕಾದಂಬರಿಗಿಂತ ಹತ್ತು ಪಟ್ಟು ದಪ್ಪದ ಪುಸ್ತಕವಾದೀತು. ಪ್ರಾಣೇಶಾಚಾರ್ಯರ ದ್ವಂದ್ವ, ಧರ್ಮಸಂಕಟ, ಕಾಮ, ಆಯ್ಕೆಯ ಭಾರ, ಅಸ್ತಿತ್ವವಾದ ಎಲ್ಲವೂ ಚರ್ಚೆಯಾಗಿವೆ. ಕಾಲೇಜುಗಳಲ್ಲಿ ಪರೀಕ್ಷೆಗೆ ಬರುವುದೂ ಅದೇ ಪ್ರಶ್ನೆ: ‘ಪ್ರಾಣೇಶಾಚಾರ್ಯರ ಆಂತರಿಕ ಸಂಘರ್ಷವನ್ನು ವಿವರಿಸಿ.’ ಹಳ್ಳಿಯಿಂದ ಬಂದ ನಮ್ಮ ಹುಡುಗರು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಪಾಸಾಗುತ್ತಾರೆ, ಮೇಷ್ಟ್ರಾಗುತ್ತಾರೆ, ಮುಂದಿನ ಹುಡುಗರಿಗೆ ಅದನ್ನೇ ಹೇಳಿಕೊಡುತ್ತಾರೆ.

ಆ ಕಾದಂಬರಿಯೊಳಗೆ ಒಂದು ಪ್ಲೇಗಿದೆ. ಇಲಿ ಸಾಯುತ್ತವೆ, ಹದ್ದು ಬಂದು ಮಾಡಿನ ಮೇಲೆ ಕೂರುತ್ತವೆ, ಜನ ಸಾಯುತ್ತಾರೆ. ಇದನ್ನು ನಮ್ಮ ವಿಮರ್ಶಕರು ಹೇಗೆ ಓದಿದರು? ‘ಹಿನ್ನೆಲೆ’ ಅಂದರು. ‘ಕೊಳೆಯುತ್ತಿರುವ ಬ್ರಾಹ್ಮಣ್ಯದ ಸಂಕೇತ’ ಅಂದರು. ನಮ್ಮ ತಕರಾರು ಶುರುವಾಗುವುದೇ ಇಲ್ಲಿಂದ. ಪ್ಲೇಗು ಯಾರಿಗೆ ಸಂಕೇತ? ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸತ್ತವನಿಗೆ ಅದು ಯಾವ ಸಂಕೇತವೂ ಅಲ್ಲ, ಸಾವು. ಗುಡಿಸಲು ಸುಟ್ಟುಹೋದವಳಿಗೆ ಬೆಂಕಿ ಪ್ರತಿಮೆಯಲ್ಲ, ಬೆಂಕಿ. ರೋಗ ಸಂಕೇತವಾಗಿ ಕಾಣಬೇಕಾದರೆ ನೋಡುವವನು ಅದರಿಂದ ದೂರ ಕೂತಿರಬೇಕು. ನಮ್ಮ ನವ್ಯ ವಿಮರ್ಶೆ ಅಷ್ಟು ದೂರದಲ್ಲಿ ಕೂತು ಓದಿತು.

2020 ಮತ್ತು 2021ರಲ್ಲಿ ಕೊರೊನಾ ಬಂದು ಹೋದ ಮೇಲೆ ಯಾರೂ ಹಾಗೆ ಓದುವ ಹಾಗಿಲ್ಲ. ಊರು ಬಂದ್ ಆದದ್ದನ್ನು, ಹೆಣಕ್ಕೆ ಹೆಗಲು ಕೊಡುವವರಿಲ್ಲದ್ದನ್ನು, ನಿರ್ಬಂಧ ಯಾರ ಮೇಲೆ ಬಿತ್ತು, ಯಾರನ್ನು ಬಿಟ್ಟಿತು ಅನ್ನುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಕಂಡ ಕಣ್ಣಿಂದ ಈ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕಾಗಿದೆ. ಅದಕ್ಕೇ ಈ ಬರಹ.

2

ಕಥೆ ಎಲ್ಲರಿಗೂ ಗೊತ್ತಿರುವುದೇ. ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತುಕೊಂಡು ಬಂದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಬದುಕಿದ್ದಾಗ ಆತ ಬ್ರಾಹ್ಮಣ್ಯವನ್ನು ಬಿಟ್ಟವನು. ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು, ಮುಸ್ಲಿಮರ ಜೊತೆ ಉಂಡವನು, ದೇವರ ಹೊಳೆಯ ಮೀನು ಹಿಡಿಸಿದವನು. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಸಾಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ, ಪೂಜೆ ಮಾಡುವ ಹಾಗಿಲ್ಲ. ಪ್ರಾಣೇಶಾಚಾರ್ಯರು ತಾಳೆಗರಿ ಬಿಚ್ಚಿ ಕೂರುತ್ತಾರೆ. ಉತ್ತರ ಸಿಗುವುದಿಲ್ಲ. ಹೆಣ ನಾರುತ್ತದೆ.

ಇದನ್ನು ಒಂದು ನಿರ್ಬಂಧದ ಕಥೆಯಾಗಿ ಓದಿ ನೋಡಿ. ಹೆಣ ಮನೆಯಲ್ಲಿದ್ದಾಗ ಉಣ್ಣಬಾರದು ಅನ್ನುವ ಕಟ್ಟಳೆ ಯಾಕೆ ಬಂತು? ಹೆಣ ಬೇಗ ಸಾಗಲಿ ಅಂತಲೇ ಬಂದಿದ್ದೀತು. ಹೊಟ್ಟೆ ಹಸಿದರೆ ಜನ ತಡ ಮಾಡುವುದಿಲ್ಲವಲ್ಲ. ಆದರೆ ಅದೇ ಕಟ್ಟಳೆ ಜಾತಿಯ ಕೈಗೆ ಸಿಕ್ಕು ಏನಾಯಿತು? ಹೆಣ ಮುಟ್ಟುವ ಅರ್ಹತೆ ಯಾರಿಗೆ ಅನ್ನುವ ಪ್ರಶ್ನೆ ಹುಟ್ಟಿ, ಹೆಣ ಅಲ್ಲಿಯೇ ಉಳಿಯಿತು. ರೋಗ ತಡೆಯಬಹುದಾಗಿದ್ದ ನಿಯಮ ರೋಗವನ್ನು ಸಾಕುವ ನಿಯಮವಾಯಿತು. ಹೊಟ್ಟೆ ತಾಳದವರು ಪಾರಿಜಾತಪುರಕ್ಕೆ ಹೋಗಿ ಕದ್ದು ತಿಂದರು. ಕಟ್ಟಳೆ ಮುರಿದವರಿಗೆ ಶಿಕ್ಷೆ ಇಲ್ಲ, ಕಟ್ಟಳೆಯೂ ಹೋಗಲಿಲ್ಲ. ನಿಯಮ ಬರೆದವರೇ ನಿಯಮದ ಸಂದಿಯನ್ನೂ ಬಲ್ಲವರು.

ಇನ್ನೊಂದು ಮಾತು. ಇದು ಪ್ಲೇಗು ಅಂತ ಆ ಅಗ್ರಹಾರಕ್ಕೆ ಮೊದಲು ಸೂಚನೆ ಕೊಟ್ಟವರು ಯಾರು? ಶಾಸ್ತ್ರ ಓದಿದವರಲ್ಲ. ಹಿತ್ತಲಲ್ಲಿ ದೂರ ನಿಂತು ಎಲೆ-ಹೊಗೆಸೊಪ್ಪು ಬೇಡುವ ಕೇರಿಯ ಹೆಂಗಸು. ಇಲಿ ಸಾಯುತ್ತಿರುವುದನ್ನೂ ಕೇರಿಯಲ್ಲಿ ಜನ ಸತ್ತದ್ದನ್ನೂ ಗುಡಿಸಲಿಗೆ ಬೆಂಕಿ ಇಟ್ಟದ್ದನ್ನೂ ಹೇಳುವವಳು ಅವಳು. ಬೆಳ್ಳಿಯೂ ಹೇಳುತ್ತಾಳೆ. ಅಪ್ಪ-ಅವ್ವ ಜ್ವರದಲ್ಲಿ ಮಲಗಿರುವುದನ್ನು ಶ್ರೀಪತಿಯ ಹತ್ತಿರ ಹೇಳಿಕೊಳ್ಳುತ್ತಾಳೆ. ಶ್ರೀಪತಿಗೆ ಬೇಕಾದದ್ದು ಅವಳ ಮೈ. ಅವಳ ಮಾತು ಅವನಿಗೆ ಬೇಸರ. ಇವತ್ತಿನ ಆರೋಗ್ಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಸಾಂಕ್ರಾಮಿಕದ ಮೊದಲ ವರದಿ ಕೊಟ್ಟವರು ಇಬ್ಬರು ಹೊಲಗೇರಿ ಹೆಂಗಸರು. ಆ ವರದಿಯನ್ನು ಒಬ್ಬಳ ಹತ್ತಿರ ಅಂಗಳದಾಚೆ ನಿಲ್ಲಿಸಿ ಕೇಳಿಸಿಕೊಂಡರು, ಇನ್ನೊಬ್ಬಳ ಹತ್ತಿರ ಕೇಳಿಸಿಕೊಳ್ಳಲೇ ಇಲ್ಲ. ಅಸ್ಪೃಶ್ಯತೆ ಬರೀ ನೀರಿನ, ಬಾವಿಯ ಪ್ರಶ್ನೆ ಅಲ್ಲ. ನಮ್ಮ ಮಾತನ್ನೂ ಮುಟ್ಟದಿರುವುದು ಅಸ್ಪೃಶ್ಯತೆ. ಅಗ್ರಹಾರ ಆ ಮಾತನ್ನು ಮುಟ್ಟಿದ್ದರೆ ಅಗ್ರಹಾರದವರೇ ಬದುಕುತ್ತಿದ್ದರು!

ಹೊಲಗೇರಿಯವರು ಮಾಡಿದ್ದೇನು? ಸತ್ತವರ ಗುಡಿಸಲಿಗೆ ಹೆಣದ ಸಮೇತ ಬೆಂಕಿ ಇಟ್ಟರು. ಅವರಿಗೆ ತಾಳೆಗರಿ ಇರಲಿಲ್ಲ, ಚರ್ಚೆಗೆ ಪುರುಸೊತ್ತೂ ಇರಲಿಲ್ಲ. ಹುಲ್ಲು ಮಾಡಿನ ಗುಡಿಸಲು, ಅದರ ಇಲಿ, ಅದರ ಚಿಗಟ, ಎಲ್ಲ ಒಟ್ಟಿಗೆ ಸುಟ್ಟವು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಅನ್ನುವುದನ್ನು ಬಲ್ಲ ನಾವು ಇವತ್ತು ಹೇಳಬೇಕಾದದ್ದು ಇದು: ಆ ಇಡೀ ಕಾದಂಬರಿಯಲ್ಲಿ ರೋಗದ ವಿರುದ್ಧ ಕೈ ಎತ್ತಿದವರು ಅವರೇ. ಆದರೆ ಎಂಥ ಬೆಲೆಗೆ! ಇದ್ದ ಒಂದೇ ಮನೆಯನ್ನು, ಹೆತ್ತವರ ಹೆಣವನ್ನು ಒಟ್ಟಿಗೆ ಸುಟ್ಟು. ಅಗ್ರಹಾರದ ಒಂದು ಹೆಣಕ್ಕೆ ಒಂದು ಕಾದಂಬರಿ ಸಿಕ್ಕಿತು. ಕೇರಿಯ ಹೆಣಗಳಿಗೆ ಅಲ್ಲೊಂದು ಇಲ್ಲೊಂದು ಸಾಲು ಸಿಕ್ಕಿತು.

ಹಾಗಂತ ಅನಂತಮೂರ್ತಿಯವರು ಕಣ್ಣು ಮುಚ್ಚಿಕೊಂಡು ಬರೆದವರು ಅಂತ ನಾವು ಹೇಳುತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೆ ಆ ಸಾಲುಗಳೂ ಇರುತ್ತಿರಲಿಲ್ಲ. ಬ್ರಾಹ್ಮಣರ ಹೊಟ್ಟೆಬಾಕತನವನ್ನು, ಚಂದ್ರಿಯ ಒಡವೆ ಕಂಡು ಬಾಯಿ ಬಿಡುವ ಲೋಭವನ್ನು ಅವರು ತೋರಿಸಿದ ಹಾಗೆ ತೋರಿಸಿದವರು ಕಡಿಮೆ. ಕೊನೆಗೆ ಹೆಣ ಸುಟ್ಟವರಾರು ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಮೀನು ಮಾರುವ ಅಹಮದ್ ಬ್ಯಾರಿ ಗಾಡಿ ತಂದ, ಚಂದ್ರಿ ನಿಂತಳು, ರಾತ್ರೋರಾತ್ರಿ ಕೆಲಸ ಮುಗಿಯಿತು. ಅಗ್ರಹಾರಕ್ಕೆ ಅದು ಗೊತ್ತೂ ಆಗಲಿಲ್ಲ. ಸುಟ್ಟು ಬೂದಿಯಾದ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಅಂತ ಕೇಳಲು ಬ್ರಾಹ್ಮಣರು ಇನ್ನೊಂದು ಅಗ್ರಹಾರಕ್ಕೆ, ಮಠಕ್ಕೆ ಅಲೆದರು. ಇದಕ್ಕಿಂತ ದೊಡ್ಡ ಲೇವಡಿ ಬೇಕೆ?

ಆದರೂ ಕಾದಂಬರಿಯ ಮನಸ್ಸು ನಿಲ್ಲುವುದು ಪ್ರಾಣೇಶಾಚಾರ್ಯರ ಜೊತೆಗೇ. ಹೆಂಡತಿಯನ್ನು ಸುಟ್ಟು ಅವರು ಊರು ಬಿಟ್ಟು ನಡೆದಾಗ ಕಾದಂಬರಿಯೂ ಅವರ ಹಿಂದೆ ನಡೆಯುತ್ತದೆ. ಕೇರಿ ಹಿಂದೆ ಉಳಿಯುತ್ತದೆ. ಆಮೇಲೆ ಅಲ್ಲಿ ಎಷ್ಟು ಜನ ಉಳಿದರು? ಬೆಳ್ಳಿ ಏನಾದಳು? ಅವಳಿಗೂ ಒಂದು ‘ಆಂತರಿಕ ಸಂಘರ್ಷ’ ಇತ್ತೋ ಇಲ್ಲವೋ? ಕಾದಂಬರಿ ಹೇಳುವುದಿಲ್ಲ. ವಿಮರ್ಶಕರು ಕೇಳಲಿಲ್ಲ.

ಅನಂತಮೂರ್ತಿಯವರೇ ಈ ಕಾದಂಬರಿಯ ಮೂಲದ ಬಗ್ಗೆ ಹೇಳಿಕೊಂಡಿರುವ ಒಂದು ಸಂಗತಿ ಇದೆ. ಅವರ ಬಾಲ್ಯದಲ್ಲಿ ಅವರ ಊರ ಕಡೆ ಪ್ಲೇಗು ಬಂದಿತ್ತು. ಅಗ್ರಹಾರದವರಿಗೆ ಚುಚ್ಚುಮದ್ದು ಹಾಕಿದರು. ಹೊಲಗೇರಿಗೆ ಚುಚ್ಚುಮದ್ದು ಹೋಗಲಿಲ್ಲ, ಅಲ್ಲಿಯ ಜನ ಸತ್ತರು. ಗೆಳೆಯರೇ, ಇದನ್ನು ನಿಧಾನವಾಗಿ ಓದಿಕೊಳ್ಳಿ. ಬದುಕಿನಲ್ಲಿ ನಡೆದದ್ದು ಮದ್ದು ಯಾರಿಗೆ ಸಿಕ್ಕಿತು ಅನ್ನುವ ಕಥೆ. ಕಾದಂಬರಿಯಾಗುವಾಗ ಅದು ಮಂತ್ರ ಯಾರು ಹೇಳಬೇಕು ಅನ್ನುವ ಕಥೆಯಾಯಿತು. ಕೇರಿಯ ಸಾವಿನಿಂದ ಹುಟ್ಟಿದ ಬೀಜ ಅಗ್ರಹಾರದ ಅಂಗಳದಲ್ಲಿ ಮರವಾಯಿತು. ಇದು ಒಬ್ಬ ಲೇಖಕನ ತಪ್ಪು ಅಂತ ಬೆರಳು ತೋರಿಸಿ ಮುಗಿಸುವಷ್ಟು ಸಣ್ಣ ವಿಷಯವಲ್ಲ. ಒಂದು ಭಾಷೆಯ ಸಾಹಿತ್ಯ ಯಾವ ಸಾವನ್ನು ದೊಡ್ಡದು ಅಂದುಕೊಳ್ಳುತ್ತದೆ, ಯಾವುದನ್ನು ಹಿನ್ನೆಲೆಗೆ ತಳ್ಳುತ್ತದೆ ಅನ್ನುವುದರ ಕಥೆ ಇದು.

3

ಕಾದಂಬರಿ ಬಿಟ್ಟು ಚರಿತ್ರೆಗೆ ಬರೋಣ. ಅಲ್ಲಿಯೂ ಇದೇ ಕಥೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ‘ಸಾಂಕ್ರಾಮಿಕ ರೋಗಗಳ ಕಾಯ್ದೆ’ ಮಾಡಿತು. ನಾಲ್ಕೇ ಕಲಮುಗಳ ಕಾಯ್ದೆ. ಮೊದಲನೆಯದು ಹೆಸರು. ಎರಡನೆಯದು ಸರ್ಕಾರ ಏನು ಬೇಕಾದರೂ ನಿಯಮ ಮಾಡಬಹುದು ಅನ್ನುತ್ತದೆ. ಮೂರನೆಯದು ನಿಯಮ ಮುರಿದವರಿಗೆ ಶಿಕ್ಷೆ. ನಾಲ್ಕನೆಯದು ಅಧಿಕಾರಿಗಳ ಮೇಲೆ ದಾವೆ ಹೂಡುವ ಹಾಗಿಲ್ಲ ಅನ್ನುತ್ತದೆ. ಮುಗಿಯಿತು! ಕೂಲಿ ನಿಂತವನಿಗೆ ಅನ್ನ ಯಾರು ಕೊಡಬೇಕು, ಮನೆ ಕೆಡವಿದವರಿಗೆ ನೆಲೆ ಎಲ್ಲಿ, ರೋಗಿಗೆ ಔಷಧಿಯ ಹಕ್ಕು ಇದೆಯೋ ಇಲ್ಲವೋ, ಇದರ ಬಗ್ಗೆ ಒಂದಕ್ಷರ ಇಲ್ಲ. ಅಧಿಕಾರವೆಲ್ಲ ಮೇಲೆ, ಶಿಕ್ಷೆಯೆಲ್ಲ ಕೆಳಗೆ. ಮನುಸ್ಮೃತಿಯನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದ ಹಾಗಿದೆ.

ಪುಣೆಯಲ್ಲಿ ರ‍್ಯಾಂಡ್ ಅನ್ನುವ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆ ಮನೆ ನುಗ್ಗಿ ತಪಾಸಣೆ ಮಾಡಿದರು. ದೇವರ ಮನೆಗೆ, ಅಡಿಗೆ ಮನೆಗೆ ಬೂಟುಗಾಲಲ್ಲಿ ಹೋದರು, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದರು, ಸಾಮಾನು ಸುಟ್ಟರು. ಆ ದೌರ್ಜನ್ಯ ನಿಜ. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು, ಆಮೇಲೆ ಗಲ್ಲಿಗೇರಿದರು. ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಪುಣೆಯ ಪ್ಲೇಗು ಅಂದರೆ ಇಷ್ಟೇ: ಮಡಿ ಕೆಟ್ಟ ಅಡಿಗೆ ಮನೆ, ಕೆರಳಿದ ದೇಶಭಕ್ತಿ.

ಅದೇ ಪುಣೆ, ಅದೇ ವರ್ಷ, ಅದೇ ಪ್ಲೇಗು. ಸಾವಿತ್ರಿಬಾಯಿ ಫುಲೆಯವರು ಆಗ ಅರವತ್ತು ದಾಟಿದ್ದ ಹೆಂಗಸು. ಗಂಡ ಜೋತಿಬಾ ತೀರಿಕೊಂಡು ಆರು ವರ್ಷ ಕಳೆದಿತ್ತು. ವೈದ್ಯನಾಗಿದ್ದ ಸಾಕುಮಗ ಯಶವಂತನನ್ನು ಕರೆಸಿ ಊರಾಚೆ ಪ್ಲೇಗು ರೋಗಿಗಳಿಗೆ ಆಸ್ಪತ್ರೆ ತೆರೆಸಿದರು. ಮುಂಢವಾದ ಮಹಾರ್ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದೆ ಅಂತ ಗೊತ್ತಾದಾಗ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ರೋಗ ಅವರಿಗೂ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಯಶವಂತನೂ ಮುಂದೆ 1905ರಲ್ಲಿ ಪ್ಲೇಗು ರೋಗಿಗಳ ಸೇವೆಯಲ್ಲಿಯೇ ಸತ್ತ.

ಒಂದೇ ರೋಗದ ಎದುರು ಎರಡು ನಡೆ. ಒಬ್ಬರಿಗೆ ನೋವಾದದ್ದು ಮುಟ್ಟಬಾರದ ಜಾಗವನ್ನು ಮುಟ್ಟಿದ್ದಕ್ಕೆ. ಇನ್ನೊಬ್ಬರು ಸತ್ತದ್ದು ಯಾರೂ ಮುಟ್ಟದ ಹುಡುಗನನ್ನು ಮುಟ್ಟಿದ್ದಕ್ಕೆ. ನಮ್ಮ ಪಠ್ಯಗಳು ಮೊದಲನೆಯದನ್ನು ಮಾತ್ರ ಬಹಳ ಕಾಲ ನೆನಪಿಟ್ಟವು. ಸಾವಿತ್ರಿಬಾಯಿಯನ್ನು ನೆನಪಿಟ್ಟವರು ನಮ್ಮ ಚಳವಳಿಯವರು.

1898ರ ಆಗಸ್ಟ್ ಹೊತ್ತಿಗೆ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಾವಿರಾರು ಜನ ಸತ್ತರು. ಉಳ್ಳವರಿಗೆ ಗಾಳಿ ಬೆಳಕಿನ ಹೊಸ ಬಡಾವಣೆ ಬಂತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಪ್ಲೇಗಿನ ಬೆನ್ನಿಗೆ. ಅಗಲ ಬೀದಿ, ಮನೆ ಸುತ್ತ ಜಾಗ, ಪಾರ್ಕು. ಹೆಚ್ಚಿನ ನಿವೇಶನ ಮೇಲ್ಜಾತಿಯ, ನೌಕರಿಯ ಜನಕ್ಕೆ ಹೋಯಿತು. ಬಡವರಿಗೆ ಏನು ಬಂತು? ಪ್ಲೇಗಿನ ಮಾರಮ್ಮ ಬಂದಳು. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ನಮ್ಮ ಜನ ಮೌಢ್ಯದಿಂದ ಮಾರಿಗೆ ಕೈ ಮುಗಿದರು ಅಂತ ಬುದ್ಧಿಜೀವಿಗಳು ನಗುವುದುಂಟು. ನಗುವ ಮೊದಲು ಒಂದು ಮಾತು ಯೋಚಿಸಲಿ. ಮುನಿಸಿಪಾಲಿಟಿ ಬಾರದ ಕೇರಿಗೆ, ಡಾಕ್ಟರು ಬಾರದ ಕೇರಿಗೆ ಬಂದವಳು ಅವಳೊಬ್ಬಳೇ. ಗುಡಿ ಕಟ್ಟುವುದರಿಂದ ಪ್ಲೇಗು ಹೋಗುವುದಿಲ್ಲ ಅನ್ನುವುದು ನಿಜ. ಬಡಾವಣೆ ಕಟ್ಟಿ ಕೇರಿಯನ್ನು ಹೊರಗಿಟ್ಟರೂ ಪ್ಲೇಗು ಹೋಗುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಭಾರತದಲ್ಲಿ ಆ ಪ್ಲೇಗು ದಶಕಗಟ್ಟಲೆ ಉಳಿದು ಒಂದು ಕೋಟಿಗೂ ಹೆಚ್ಚು ಜನರನ್ನು ತಿಂದಿತು.

4

ಇನ್ನು ನಮ್ಮ ಕಾಲದ್ದು. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ ತಿಂಗಳಲ್ಲಿ. 1897ರ ಅದೇ ನಾಲ್ಕು ಕಲಮಿನ ಕಾಯ್ದೆಯನ್ನು 123 ವರ್ಷ ಆದ ಮೇಲೆ ಅಟ್ಟದಿಂದ ಇಳಿಸಿದರು. ಸ್ವಾತಂತ್ರ್ಯ ಬಂದಿತ್ತು, ಅಂಬೇಡ್ಕರ್ ಸಂವಿಧಾನ ಬರೆದಿದ್ದರು, ಬದುಕುವ ಹಕ್ಕು ಅಂತ ಒಂದು ಕಲಮು ಇತ್ತು. ರೋಗ ಬಂದಾಗ ಕೈಗೆ ಸಿಕ್ಕಿದ್ದು ಮಾತ್ರ ವಿಕ್ಟೋರಿಯಾ ರಾಣಿಯ ಲಾಠಿ. 2020ರಲ್ಲಿಯೇ ಅದಕ್ಕೆ ತಿದ್ದುಪಡಿಯೂ ಬಂತು. ವೈದ್ಯ ಸಿಬ್ಬಂದಿ ಮೇಲೆ ಕೈ ಮಾಡಿದವರಿಗೆ ಹೆಚ್ಚಿನ ಶಿಕ್ಷೆ ಅಂತ ಸೇರಿಸಿದರು. ಅದು ಬೇಕಾದದ್ದೇ. ಆದರೆ ಕೂಲಿಯವನ ಅನ್ನದ ಬಗ್ಗೆ ಆಗಲೂ ಒಂದಕ್ಷರ ಸೇರಲಿಲ್ಲ.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಮಾತಾಡಿದರು, ಹನ್ನೆರಡು ಗಂಟೆಗೆ ದೇಶ ಬಂದ್. ನಾಲ್ಕು ಗಂಟೆಯ ಅವಧಿ. ‘ಮನೆಯಲ್ಲಿರಿ’ ಅಂದರು. ಮನೆ ಇದ್ದವರು ಇದ್ದರು. ಕಟ್ಟುತ್ತಿರುವ ಮನೆಯಲ್ಲೇ ಮಲಗುವವನಿಗೆ, ತಗಡಿನ ಶೆಡ್ಡಿನಲ್ಲಿ ಎಂಟು ಜನ ಇರುವವರಿಗೆ ಯಾವ ಮನೆ? ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದವರು ಗಂಟು ಮೂಟೆ ಕಟ್ಟಿ ಹೆದ್ದಾರಿಗೆ ಬಿದ್ದರು. ಮೇ ತಿಂಗಳಲ್ಲಿ ಹೊರ ರಾಜ್ಯದ ಕೂಲಿಗಳಿಗೆ ರೈಲು ಬಿಟ್ಟ ಸರ್ಕಾರ, ಕಟ್ಟಡ ಕಟ್ಟುವ ಧಣಿಗಳ ಜೊತೆ ಸಭೆಯಾದ ಬೆನ್ನಿಗೇ ರೈಲನ್ನು ರದ್ದು ಮಾಡಿತು. ದೇಶದ ತುಂಬ ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಆ ಎರಡು ದಿನದಲ್ಲಿ ಎಲ್ಲ ಬಯಲಾಯಿತು. ನಿರ್ಬಂಧ ರೋಗಕ್ಕೆ ಹಾಕಿದ್ದಾದರೆ ರೈಲು ನಿಲ್ಲಿಸಲು ಬಿಲ್ಡರುಗಳ ಸಭೆ ಯಾಕೆ ಬೇಕು? ಅಲ್ಲಿ ಕಟ್ಟಿಹಾಕಿದ್ದು ರೋಗವನ್ನಲ್ಲ, ಆಳನ್ನು. ಜೀತ ರದ್ದಾಗಿ ನಲವತ್ತು ವರ್ಷ ದಾಟಿದ ದೇಶದಲ್ಲಿ! ಆ ವರ್ಷದ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ, ಊರಿಗೆ ಹೊರಟು ದಾರಿಯಲ್ಲಿ ಸತ್ತ ಕಾರ್ಮಿಕರ ಲೆಕ್ಕ ತನ್ನ ಹತ್ತಿರ ಇಲ್ಲ ಅಂತ ಕೇಂದ್ರ ಸರ್ಕಾರ ಹೇಳಿತು. ಲೆಕ್ಕ ಇಲ್ಲದಿದ್ದರೆ ಸಾವೂ ಇಲ್ಲ, ಪರಿಹಾರವೂ ಇಲ್ಲ. ಕಾದಂಬರಿಯಲ್ಲಿ ಕೇರಿ ಹಿಂದೆ ಉಳಿದ ಹಾಗೆ.

ಇನ್ನು ಭಾಷೆಯ ವಿಷಯ. ‘ಸಾಮಾಜಿಕ ಅಂತರ ಕಾಪಾಡಿ’ ಅಂತ ಗೋಡೆ ಗೋಡೆಯ ಮೇಲೆ ಬರೆದರು, ಫೋನ್ ಎತ್ತಿದರೆ ಅದೇ ಹೇಳಿದರು. ಬೇಕಾಗಿದ್ದದ್ದು ದೇಹದ ಅಂತರ, ಆರಡಿ ದೂರ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ ‘ಸಾಮಾಜಿಕ’ ಅನ್ನುವುದನ್ನು ಬಿಟ್ಟು ‘ದೈಹಿಕ ಅಂತರ’ ಅನ್ನುವ ಮಾತಿಗೆ ಬಂತು. ನಮ್ಮ ಕಚೇರಿಗಳು ಹಳೆಯದನ್ನೇ ಹಿಡಿದುಕೊಂಡವು. ಯಾಕೆ ಅಂತ ಕೇಳಬೇಕಾಗಿಲ್ಲ. ಸಾಮಾಜಿಕ ಅಂತರ ಅನ್ನುವುದು ಈ ನೆಲದಲ್ಲಿ ಬಾಯಿಗೆ ಸಲೀಸಾಗಿ ಬರುವ ಮಾತು, ಎರಡು ಸಾವಿರ ವರ್ಷದ ರೂಢಿ. ‘ನೋಡಿದ್ರಾ, ನಮ್ಮ ಹಿರಿಯರ ಮಡಿ-ಮೈಲಿಗೆ ವೈಜ್ಞಾನಿಕ ಅಂತ ಈಗ ಗೊತ್ತಾಯ್ತಲ್ಲ’ ಅಂತ ಜಗಲಿ ಜಗಲಿಯ ಮೇಲೆ ಮಾತು ಎದ್ದಿತು. ಕೆಲವು ಹಳ್ಳಿಗಳಲ್ಲಿ ಮುಸ್ಲಿಮರು ಬರಬಾರದು ಅಂತ ಡಂಗುರ ಹೊಡೆಸಿದರು.

ಇದಕ್ಕೆ ಉತ್ತರ ಕೊಡಲೇಬೇಕು. ಮಡಿ ರೋಗಾಣುವನ್ನು ನೋಡುವುದಿಲ್ಲ, ಹುಟ್ಟನ್ನು ನೋಡುತ್ತದೆ. ಜ್ವರ ಬಂದ ಬ್ರಾಹ್ಮಣ ಮಡಿ, ಆರೋಗ್ಯವಾಗಿರುವ ಮಾದಿಗ ಮೈಲಿಗೆ. ರೋಗದ ಅಂತರಕ್ಕೆ ಹದಿನಾಲ್ಕು ದಿನದ ಲೆಕ್ಕ ಇದೆ. ಜಾತಿಯ ಅಂತರಕ್ಕೆ ಮುಗಿಯುವ ದಿನವೇ ಇಲ್ಲ. ನಮ್ಮ ಕೇರಿ ಎಷ್ಟು ತಲೆಮಾರಿನಿಂದ ಸೀಲ್‌ಡೌನ್ ಆಗಿದೆ? ಕ್ಷೌರದಂಗಡಿ, ಹೋಟೆಲು, ಗುಡಿ, ಬಾವಿ ನಮಗೆ ಬಂದ್ ಆದದ್ದು ಯಾವ ವೈರಸ್ಸಿನಿಂದ? ‘ನಿಮ್ಗೇನ್ ಇಪ್ಪತ್ತೊಂದು ದಿನಕ್ಕೇ ಉಸಿರು ಕಟ್ತು, ನಾವು ಹುಟ್ಟಿದಾಗಿಂದ ಹಿಂಗೇ ಇದ್ದೀವಲ್ಲ’ ಅಂತ ಕೇರಿಯ ಹಿರಿಯರು ಆಡಿದ ಮಾತಿಗಿಂತ ದೊಡ್ಡ ಸಮಾಜಶಾಸ್ತ್ರ ನಮಗೆ ಗೊತ್ತಿಲ್ಲ.

ಅಂತರ ಕಾಪಾಡಬೇಕು ಅಂದವರ ಅಂತರ ಕಾಪಾಡಿದವರು ಯಾರು? ಪೌರಕಾರ್ಮಿಕರು. ಎಲ್ಲರೂ ಒಳಗಿದ್ದಾಗ ಬೆಳಗಿನ ಐದಾರು ಗಂಟೆಗೇ ಕಸ ಎತ್ತಿದವರು, ರೋಗಿಯ ಮನೆಯ ಕಸವನ್ನೂ ಎತ್ತಿದವರು. ಇವರಲ್ಲಿ ಹೆಚ್ಚಿನವರು ಯಾವ ಜಾತಿ ಅಂತ ಹೇಳಬೇಕಾಗಿಲ್ಲ. ಚಪ್ಪಾಳೆ ತಟ್ಟಿದರು, ಹೂ ಎರಚಿದರು. ಹೂವಿನ ಬದಲು ಒಂದು ಜೊತೆ ಒಳ್ಳೆಯ ಗ್ಲೌಸು ಕೊಟ್ಟಿದ್ದರೆ ಸಾಕಿತ್ತು. ಮನೆ ಮನೆ ತಿರುಗಿ ಜ್ವರದ ಲೆಕ್ಕ ಬರೆದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಮಾಡಬೇಕಾಯಿತು. ಕಾದಂಬರಿಯ ಹಿತ್ತಲಲ್ಲಿ ನಿಂತ ಆ ಹೆಂಗಸನ್ನು ನೆನಪು ಮಾಡಿಕೊಳ್ಳಿ. ರೋಗದ ಸುದ್ದಿ ಇವತ್ತಿಗೂ ಅವಳೇ ತರಬೇಕು, ಇವತ್ತಿಗೂ ಅವಳನ್ನು ಅಂಗಳದಾಚೆ ನಿಲ್ಲಿಸಿಯೇ ಮಾತಾಡಿಸುತ್ತಾರೆ. ಅವಳಿಗೆ ಕೊಡುವುದು ಸಂಬಳ ಅಲ್ಲ, ‘ಗೌರವಧನ’. ಹಿಂದೆ ಎಲೆ-ಹೊಗೆಸೊಪ್ಪು ಎಸೆದ ಹಾಗೆ.

ಹೆಣದ ಪ್ರಶ್ನೆಯೂ ತಿರುಗಿ ಬಂತು. 2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆಯುವ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ದಿನದಲ್ಲಿ 24 ಜನ ಸತ್ತರು. ಅದೇ ತಿಂಗಳು ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲು ನಿಂತವು. ಮಕ್ಕಳೇ ಅಪ್ಪನ ಹೆಣ ಮುಟ್ಟಲು ಹಿಂಜರಿದಾಗ ಮುಟ್ಟಿದವರು ಚಿತಾಗಾರದ ಕೆಲಸಗಾರರು ಮತ್ತು ಸ್ವಯಂಸೇವಕರು. ಆ ಸ್ವಯಂಸೇವಕರಲ್ಲಿ ಮುಸ್ಲಿಂ ಹುಡುಗರ ತಂಡಗಳು ಎದ್ದು ಕಾಣುತ್ತಿದ್ದವು. ಒಂದು ವರ್ಷದ ಹಿಂದೆ ‘ಅವರಿಂದಲೇ ರೋಗ’ ಅಂತ ಡಂಗುರ ಹೊಡೆಸಿಕೊಂಡ ಜನ. ಅಹಮದ್ ಬ್ಯಾರಿಯ ಗಾಡಿ ಐವತ್ತಾರು ವರ್ಷ ಆದ ಮೇಲೂ ರಾತ್ರಿಯಲ್ಲಿ ಓಡುತ್ತಲೇ ಇತ್ತು. ವಾರಸುದಾರರು ಬಾರದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಜೂನಿನಲ್ಲಿ ಕಂದಾಯ ಮಂತ್ರಿಗಳು ಪುರೋಹಿತರನ್ನು ಕರೆಸಿ ಕಾವೇರಿಯಲ್ಲಿ ಬಿಡಿಸಿದರು. ಸತ್ತವರಿಗೆ ಮರ್ಯಾದೆ ಸಲ್ಲಲಿ, ನಮ್ಮ ಆಕ್ಷೇಪ ಇಲ್ಲ. ಆದರೆ ಹೆಣ ಹೊತ್ತವರ ಕೈಗೆ ಕೊಡಲು ಸಂಕಟಪಟ್ಟ ಸರ್ಕಾರಕ್ಕೆ ಮಂತ್ರ ಹೇಳುವವರ ವಿಳಾಸ ಮಾತ್ರ ಬಾಯಿಪಾಠ ಇತ್ತು. ಉಸಿರಾಟಕ್ಕೆ ಗಾಳಿ ಕೊಡದವರು ಸತ್ತ ಮೇಲೆ ಸಂಸ್ಕಾರ ಕೊಟ್ಟರು!

ಚುಚ್ಚುಮದ್ದೂ ಹಾಗೆಯೇ. 2021ರ ಮೇ ತಿಂಗಳಲ್ಲಿ ಹದಿನೆಂಟು ದಾಟಿದವರಿಗೆ ಲಸಿಕೆ ಅಂದರು. ಮೊದಲು ಫೋನಿನಲ್ಲಿ ಹೆಸರು ಬರೆಸಬೇಕು. ಸ್ಮಾರ್ಟ್‌ಫೋನು ಇದ್ದವನು, ಇಂಗ್ಲಿಷ್ ಬಲ್ಲವನು ಪಟಪಟ ಒತ್ತಿ ಜಾಗ ಹಿಡಿದ. ಪಟ್ಟಣದವರು ಕಾರಿನಲ್ಲಿ ಹಳ್ಳಿಯ ಆಸ್ಪತ್ರೆಗೆ ಬಂದು ಚುಚ್ಚಿಸಿಕೊಂಡು ಹೋದರು. ಕೇರಿಯ ಕೂಲಿಯವನು ಕೇಂದ್ರದ ಗೇಟಿನ ಹತ್ತಿರ ನಿಂತ. ಆಮೇಲೆ ನಿಯಮ ಸಡಿಲವಾಯಿತು, ಆಶಾ ಅಕ್ಕಂದಿರು ಮನೆಬಾಗಿಲಿಗೂ ಬಂದರು, ಜೀವಗಳು ಉಳಿದವು. ಆದರೆ ಮೊದಲ ಸಾಲು ಯಾರದು ಅನ್ನುವುದು ಅನಂತಮೂರ್ತಿಯವರ ಬಾಲ್ಯದ ಆ ಅಗ್ರಹಾರದಿಂದ ಇಲ್ಲಿಯವರೆಗೆ ಬದಲಾಗಿರಲಿಲ್ಲ.

5

ನಮ್ಮನ್ನು ತಪ್ಪು ತಿಳಿಯಬಾರದು. ರೋಗ ಬಂದಾಗ ನಿರ್ಬಂಧವೇ ಬೇಡ ಅನ್ನುವ ಮಾತು ನಮ್ಮದಲ್ಲ. ಮುಖಗವಸು ಬೇಡ, ಲಸಿಕೆ ಬೇಡ, ಇದೆಲ್ಲ ಸುಳ್ಳು ಅನ್ನುವವರ ಜೊತೆಗೂ ನಾವಿಲ್ಲ. ಅಂಥ ಮಾತು ನಂಬಿದರೆ ಮೊದಲು ಸಾಯುವವರು ನಾವೇ. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವ ಕೇರಿಗೆ ರೋಗ ಹೊಕ್ಕರೆ ಆಗುವುದೇನು ಅಂತ ನಮಗೆ ಗೊತ್ತು. ವಿಜ್ಞಾನ ನಮ್ಮ ಶತ್ರುವಲ್ಲ. ವಿಜ್ಞಾನ ನಮ್ಮ ಕೇರಿಗೆ ಬರಲು ಬಿಡದ ಜಾತಿ ನಮ್ಮ ಶತ್ರು.

ನಾವು ಕೇಳುವುದು ಇಷ್ಟೇ. ಬಾಗಿಲು ಹಾಕಿಸುವ ಕಾನೂನಿನಲ್ಲೇ ಒಲೆ ಹೊತ್ತಿಸುವ ಮಾತೂ ಇರಬೇಕು. ಕೂಲಿ ನಿಲ್ಲಿಸಿದ ದಿನದಿಂದ ಅನ್ನ, ಕಾಸು, ಔಷಧಿ ಹಕ್ಕಾಗಿ ಬರಬೇಕು, ಭಿಕ್ಷೆಯಾಗಿ ಅಲ್ಲ. ಕಸ ಎತ್ತುವವರಿಗೆ, ಹೆಣ ಸುಡುವವರಿಗೆ, ಆಶಾ ಕಾರ್ಯಕರ್ತೆಯರಿಗೆ ಖಾಯಂ ಕೆಲಸ, ಸಂಬಳ ಇರಬೇಕು. ಮದ್ದು ಮೊದಲು ಕೇರಿಗೆ ಹೋಗಬೇಕು. ಸತ್ತವರ ಲೆಕ್ಕ ಜಾತಿ, ಕೂಲಿ, ಕೇರಿ ಸಮೇತ ಬರೆಯಬೇಕು. ಎಣಿಸದ ಹೆಣಕ್ಕೆ ನ್ಯಾಯ ಸಿಗುವುದಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಮಾತು. 2020ರಲ್ಲಿ ಶಾಲೆ ಮುಚ್ಚಿದಾಗ ‘ವಿದ್ಯಾಗಮ’ ಅಂತ ಗುಡಿಯ ಪ್ರಾಂಗಣದಲ್ಲಿ, ಜಗಲಿಯಲ್ಲಿ, ಮರದಡಿಯಲ್ಲಿ ಪಾಠ ಮಾಡಿದಿರಿ. ಶಾಲೆಯ ಕಟ್ಟಡ ಸರ್ಕಾರದ್ದು, ಅಲ್ಲಿ ನಮ್ಮ ಮಗು ಕೂರುವುದು ಕಾನೂನು. ಗುಡಿಯ ಪ್ರಾಂಗಣ ಯಾರದ್ದು? ಜಗಲಿ ಯಾರದ್ದು? ಅಲ್ಲಿಗೆ ಬಾರದೆ ಉಳಿದ ಮಗು ಯಾವುದು, ಮಧ್ಯಾಹ್ನದ ಬಿಸಿಯೂಟ ನಿಂತಾಗ ಬಡಕಲಾದದ್ದು ಯಾವುದು, ಆಮೇಲೆ ಶಾಲೆಗೇ ಬಾರದೆ ಇಟ್ಟಿಗೆ ಗೂಡಿಗೆ ಹೋದದ್ದು ಯಾವುದು? ನಿಮ್ಮ ಹಾಜರಿ ಪುಸ್ತಕ ನಿಮಗೆ ಹೇಳುತ್ತದೆ. ಆ ಹಾಜರಿ ಪುಸ್ತಕ ಈ ಕಾಲದ ದೊಡ್ಡ ದಾಖಲೆ. ಅದನ್ನು ಬರೆದಿಡಿ.

ಮತ್ತೆ ‘ಸಂಸ್ಕಾರ’ವನ್ನು ಪಾಠ ಮಾಡಿ. ಬಿಡಬೇಡಿ. ಸುಡುವುದು ನಮ್ಮ ಕೆಲಸ ಅಲ್ಲ, ಸರಿಯಾಗಿ ಓದುವುದು ನಮ್ಮ ಕೆಲಸ. ಆದರೆ ಪ್ರಶ್ನೆಪತ್ರಿಕೆ ಬದಲಾಗಲಿ. ಪ್ರಾಣೇಶಾಚಾರ್ಯರ ಸಂಘರ್ಷವನ್ನು ವಿವರಿಸಿದ್ದು ಸಾಕು. ಬೆಳ್ಳಿ ಹೇಳಿದ ಮಾತನ್ನು ಶ್ರೀಪತಿ ಕೇಳಿಸಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ಚುಚ್ಚುಮದ್ದಿನ ಪೆಟ್ಟಿಗೆ ಹೊಲಗೇರಿಯ ದಾರಿ ಹಿಡಿದಿದ್ದರೆ ಎಷ್ಟು ಗುಡಿಸಲು ಉಳಿಯುತ್ತಿತ್ತು ಅಂತ ಕೇಳಿ. ಆ ಬೆಂಕಿಯ ಪಕ್ಕದಲ್ಲಿ ನಿಂತವಳ ಕಡೆಯಿಂದ ಕಥೆಯನ್ನು ಮೊದಲಿಂದ ಹೇಳಿ ನೋಡಿ ಅಂತ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ಅವರಲ್ಲಿ ಕೆಲವರಿಗೆ ಆ ಕಥೆ ಗೊತ್ತಿದೆ. ಅವರು ಬರೆದದ್ದನ್ನು ನಮಗೆ ಕಳಿಸಿ, ಈ ಪುಟಗಳು ಅದಕ್ಕೇ ಇವೆ.